ಕಟ್ಟಡವಿಲ್ಲದ ಕಾಲೇಜು: ಜಮಖಂಡಿ ಸೀಮೆಗೆ ಸಮುದಾಯ ಕಾಲೇಜು ಹೊಂದುವುದು ಹೇಗೆ?

ಮಂಗಳೂರು, ಉಡುಪಿ ಪೇಟೆಗಳ ವೃತ್ತಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ಕಾದು ನಿಂತವರನ್ನು ನಾವೆಲ್ಲರೂ ಕಂಡಿದ್ದೇವೆ. ಕರಾವಳಿಯ ಎಷ್ಟೋ ಮನೆಗಳ, ಶಾಲೆಗಳ, ಇಗರ್ಜಿಗಳ ಗೋಡೆಗಳು ಅವರ ಕೈಯಿಂದಲೇ ಎದ್ದಿವೆ. ಯಾವ ಊರು ಎಂದು ಕೇಳಿದರೆ ಬಾಗಲಕೋಟೆ, ವಿಜಯಪುರ, ಗದಗ ಎನ್ನುತ್ತಾರೆ. ನಮ್ಮ ವಿಚಾರಣೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಊರಿನಲ್ಲಿ ಯಾವ ಕೆಲಸ ಬಲ್ಲಿರಿ ಎಂದು ಕೇಳುವವರು ಕಡಿಮೆ. ಮಗ್ಗ ಬಲ್ಲವನೂ, ಮೋಟಾರು ರಿಪೇರಿ ಬಲ್ಲವನೂ ಇಲ್ಲಿ ಸಿಮೆಂಟು ಬಾಂಡಲಿ ಹೊತ್ತರೆ ಸಿಗುವುದು ಒಂದೇ ಕೂಲಿ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಕೆಲಸವೇ ಇಲ್ಲದ ಊರುಗಳೇನಲ್ಲ. ಮುಧೋಳ ಮತ್ತು ಜಮಖಂಡಿಯ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಮಹಾಲಿಂಗಪುರದ ಬೆಲ್ಲದ ಮಾರುಕಟ್ಟೆ ಹೆಸರಾದದ್ದು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದರೆ ವಿದ್ಯುತ್ ಮಗ್ಗಗಳ ಸದ್ದು ಕಿವಿಗೆ ಬಡಿಯುತ್ತದೆ. ಬೀಳಗಿ ತಾಲೂಕಿನ ಅನೇಕ ಹಳ್ಳಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋದವು. ಹೊಲ ಕಳೆದುಕೊಂಡ ಕುಟುಂಬಗಳು ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಬದುಕು ಕಟ್ಟಬೇಕಾಯಿತು. ಕೆಲಸ ಒಂದೆಡೆ, ಕೆಲಸ ಬೇಕಾದವರು ಇನ್ನೊಂದೆಡೆ, ಕಲಿಸುವ ಕಾಲೇಜು ಮತ್ತೊಂದೆಡೆ ಇರುವುದೇ ಈ ಸೀಮೆಯ ತೊಂದರೆ. ಸಮುದಾಯ ಕಾಲೇಜು ಎಂಬ ವಿಚಾರ ಇಂಥ ತೊಂದರೆಗಾಗಿಯೇ ಹುಟ್ಟಿದ್ದು.

ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿ ವಿಶ್ವವಿದ್ಯಾಲಯ ಪ್ರಯೋಗ ಮಾಡಿದರೆ, 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯವು ಮದ್ರಾಸ್ ಸಮುದಾಯ ಕಾಲೇಜನ್ನು ತೆರೆಯಿತು. ಯೇಸುಸಭೆಯ ವಂದನೀಯ ಕ್ಸೇವಿಯರ್ ಅಲ್ಫೋನ್ಸ್ ಅವರ ಮುಂದಾಳತ್ವದಲ್ಲಿ ಚೆನ್ನೈಯಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಹುಟ್ಟಿ, ವಿಚಾರ ಇತರ ರಾಜ್ಯಗಳಿಗೂ ಹಬ್ಬಿತು. ಶಾಲೆ ಬಿಟ್ಟವರಿಗೆ, ವಯಸ್ಸು ಮೀರಿದವರಿಗೆ, ಅಂಕ ಕಡಿಮೆ ಬಂದವರಿಗೆ ಬಾಗಿಲು ತೆರೆದಿಡುವುದು ಇದರ ಮೊದಲ ನಿಯಮ. ಒಂದು ವರ್ಷದ ತರಬೇತಿಯಲ್ಲಿ ಬದುಕಿನ ಕೌಶಲ, ಕೆಲಸದ ಕೌಶಲ, ಆಮೇಲೆ ನಿಜವಾದ ಕೆಲಸದ ಸ್ಥಳದಲ್ಲಿ ಅಭ್ಯಾಸ. ಕಲಿತದ್ದು ಸಾಕೇ ಸಾಲದೇ ಎಂದು ಹೇಳುವಾಗ ಮೇಷ್ಟರ ಜೊತೆಗೆ ಕಾರ್ಖಾನೆಯ ಮೇಸ್ತ್ರಿಯ ಮಾತಿಗೂ ಬೆಲೆಯುಂಟು.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2013ರಲ್ಲಿ ತಂದ ಸಮುದಾಯ ಕಾಲೇಜು ಯೋಜನೆಯಲ್ಲಿಯೂ ಸ್ಥಳೀಯ ಉದ್ದಿಮೆಯೊಡನೆ ಒಪ್ಪಂದ ಕಡ್ಡಾಯವಾಗಿತ್ತು. ಆದರೆ ಒಪ್ಪಂದಕ್ಕೆ ಸಹಿ ಹಾಕಿ, ಫೋಟೋ ತೆಗೆಸಿಕೊಳ್ಳುವುದು ಸುಲಭ. ಹುಡುಗನನ್ನು ಯಾವ ತಿಂಗಳಲ್ಲಿ ಕಳುಹಿಸಬೇಕು, ಅವನಿಗೆ ಯಾರು ಕಲಿಸುತ್ತಾರೆ, ಬಸ್ಸಿನ ಖರ್ಚು ಯಾರದು ಎಂಬ ಮಾತು ಬಂದಾಗಲೇ ಕಷ್ಟ ಗೊತ್ತಾಗುವುದು.

ಸಕ್ಕರೆ ಕಾರ್ಖಾನೆಯನ್ನೇ ನೋಡೋಣ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಅಂಶ ಎಷ್ಟೆಂದು ಪರೀಕ್ಷಿಸುವ ಕೆಲಸ ಕಲಿಯಬೇಕಾದವನು ಆ ಹಂಗಾಮಿನಲ್ಲೇ ಪ್ರಯೋಗಾಲಯದಲ್ಲಿರಬೇಕು. ಫಿಟ್ಟರ್, ವೆಲ್ಡರ್ ಆಗಬೇಕಾದವನಿಗೆ ಮಾತ್ರ ಹಂಗಾಮು ಮುಗಿದ ಮೇಲೆ ಯಂತ್ರ ಬಿಚ್ಚಿ ದುರಸ್ತಿ ಮಾಡುವ ಕಾಲವೇ ಪಾಠದ ಕಾಲ. ಕಾಲೇಜಿನ ವೇಳಾಪಟ್ಟಿ ಕಾರ್ಖಾನೆಯ ಹಂಗಾಮಿಗೆ ಬಗ್ಗದಿದ್ದರೆ ಆ ಹುಡುಗ ನಿಂತ ಯಂತ್ರವನ್ನು ನೋಡಿ ಪ್ರಮಾಣಪತ್ರ ಪಡೆಯುತ್ತಾನೆ. ಸಕ್ಕರೆ ತಂತ್ರಜ್ಞಾನ ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಪಕ್ಕದ ಬೆಳಗಾವಿಯಲ್ಲೇ ಇದೆ. ಕಲಿಸುವವರನ್ನು ಹುಡುಕಿ ಬಹಳ ದೂರ ಹೋಗಬೇಕಾಗಿಲ್ಲ.

ರಬಕವಿ-ಬನಹಟ್ಟಿಯ ಲೆಕ್ಕ ಬೇರೆ. ಅಲ್ಲಿ ನೇಕಾರಿಕೆ ಮನೆಯಲ್ಲೇ ಬರುವ ವಿದ್ಯೆ. ಹಾಸು ಯಾವುದು, ಹೊಕ್ಕು ಯಾವುದು ಎಂದು ನೇಕಾರರ ಮಗನಿಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನೇಯ್ದ ಸೀರೆಗಳು ಮಾರಾಟವಾಗದೆ ಉಳಿದಾಗ ಅಲ್ಲಿನ ಕೊರತೆ ಎಲ್ಲಿದೆ ಎಂದು ಬಯಲಾಯಿತು. ನೂಲು ಕೊಡುವವನೇ ಸೀರೆ ಒಯ್ಯುವವನೂ ಆದರೆ, ಅವನು ಬಾರದ ದಿನ ಮಗ್ಗ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ವಿನ್ಯಾಸ, ಜಾಕಾರ್ಡ್ ದುರಸ್ತಿ, ಬಣ್ಣದ ಗುಣಮಟ್ಟ, ಜಿಎಸ್‌ಟಿ ಲೆಕ್ಕ, ದೂರದ ಗ್ರಾಹಕನಿಗೆ ನೇರ ಮಾರಾಟ: ಕಲಿಯಬೇಕಾದದ್ದು ಇವುಗಳನ್ನು. ಇಲ್ಲಿ ಹಿರಿಯ ನೇಕಾರರೇ ಮೇಷ್ಟರಾಗಬೇಕು, ಅವರಿಗೆ ಗೌರವಧನವೂ ಸಲ್ಲಬೇಕು. ಪದವಿ ಇಲ್ಲವೆಂದು ಅವರನ್ನು ಹೊರಗಿಟ್ಟರೆ ತರಬೇತಿ ಬರೀ ಪುಸ್ತಕದ್ದಾಗುತ್ತದೆ.

ಒಳಗಿನ ಸಹಭಾಗಿತ್ವದ ಮಾತು ಬರುವುದು ಇಲ್ಲಿಯೇ. ಊರೂರಿನ ಪದವಿ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗವಿರುತ್ತದೆ, ರಸಾಯನಶಾಸ್ತ್ರದ ಪ್ರಯೋಗಾಲಯವಿರುತ್ತದೆ, ಕಂಪ್ಯೂಟರ್ ಕೊಠಡಿಯೂ ಇರುತ್ತದೆ. ಸಂಜೆ ಐದರ ಮೇಲೆ ಎಲ್ಲಕ್ಕೂ ಬೀಗ. ನೇಕಾರನಿಗೆ ಲೆಕ್ಕ ಕಲಿಸಲು ವಾಣಿಜ್ಯದ ಉಪನ್ಯಾಸಕರೂ, ಬಣ್ಣದ ಗುಣ ತಿಳಿಸಲು ರಸಾಯನಶಾಸ್ತ್ರದವರೂ ವಾರಕ್ಕೆರಡು ಸಂಜೆ ಕೊಟ್ಟರೆ ಹೊಸ ಕಟ್ಟಡದ ಅಗತ್ಯವಿಲ್ಲ. ಒಂದೇ ಆಡಳಿತ ಮಂಡಳಿಯ ಎರಡು ವಿಭಾಗಗಳು ಪರಸ್ಪರ ಬೀಗದ ಕೈ ಕೊಡಲು ಹಿಂಜರಿಯುವುದನ್ನು ನಮ್ಮ ಸಂಸ್ಥೆಗಳಲ್ಲೂ ನಾವು ಕಾಣದವರೇನಲ್ಲ. ಹೊರಗಿನವರೊಡನೆ ಒಪ್ಪಂದಕ್ಕಿಂತ ಇದು ಕೆಲವೊಮ್ಮೆ ಕಷ್ಟ.

ಬೀಳಗಿಗೆ ಹಿನ್ನೀರೇ ಹೊಲ. ಜಲಾಶಯದಲ್ಲಿ ಮೀನು ಸಾಕುವುದು, ಹಿಡಿದ ಮೀನು ಕೆಡದಂತೆ ಸಾಗಿಸುವುದು, ಮಂಜುಗಡ್ಡೆಯ ಲೆಕ್ಕ, ಇವೆಲ್ಲ ಕರಾವಳಿಯವರಿಗೆ ಗೊತ್ತಿರುವ ವಿದ್ಯೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲೇ. ಘಟ್ಟದ ಮೇಲಿನಿಂದ ಕೂಲಿಗಳು ಮಾತ್ರ ಇಳಿದು ಬರಬೇಕೆಂದಿಲ್ಲ, ಇಲ್ಲಿಂದ ವಿದ್ಯೆಯೂ ಘಟ್ಟ ಹತ್ತಬಹುದು.

ಹಾಗೆ ಹತ್ತಿದ ಉದಾಹರಣೆ ನಮ್ಮ ಮುಂದೆಯೇ ಇದೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಊಟ ವಸತಿಯೊಡನೆ ಉಚಿತ ತರಬೇತಿ ಕೊಡುವುದಲ್ಲದೆ, ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಬೆನ್ನ ಹಿಂದಿರುವುದು ಅದರ ವಿಶೇಷ. ಇದೇ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಮತ್ತು ಹೆಂಚಿನ ಕೆಲಸವನ್ನೂ, ಯೇಸುಸಭೆಯ ಗುರುಗಳು ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಕೈಕಸುಬನ್ನೂ ಕಲಿಸಿದ್ದರು.

ಪಾಲುದಾರಿಕೆ ಜಮಖಂಡಿಯವರಿಗೂ ಹೊಸದಲ್ಲ. ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ 1989ರಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಆದ ಆ ಕೆಲಸಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ನೀರಿಗಾಗಿ ಹಳ್ಳಿ ಹಳ್ಳಿ ಕೂಡಿದ ಸೀಮೆ ಮಕ್ಕಳ ಕೆಲಸಕ್ಕಾಗಿ ಕೂಡಲಾರದೇ?

ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿ ಅಪ್ರೆಂಟಿಸ್ ಕಾಯಿದೆ. ಇದು 1961ರದು, ಆಮೇಲೆ ತಿದ್ದುಪಡಿಗಳಾಗಿವೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಜನರಿರುವ ಚಿಕ್ಕ ಘಟಕಕ್ಕೆ ಅದು ಐಚ್ಛಿಕ. ದೊಡ್ಡ ಸಕ್ಕರೆ ಕಾರ್ಖಾನೆ ಮೊದಲನೆಯ ಸಾಲಿಗೆ, ಮಗ್ಗದ ಶೆಡ್ಡುಗಳು ಹೆಚ್ಚಾಗಿ ಎರಡನೆಯದಕ್ಕೆ ಬರುತ್ತವೆ. ಈ ಅವಧಿಯಲ್ಲಿ ಹುಡುಗನಿಗೆ ಶಿಷ್ಯವೇತನ ಸಿಗುತ್ತದೆ. ಮನೆಯವರು ಅವನ ಕೂಲಿಯನ್ನೇ ನಂಬಿರುವಾಗ ತರಬೇತಿಯನ್ನು ನಡುವೆ ಬಿಡದಿರಲು ಮುಖ್ಯವಾಗಿ ಬೇಕಾದದ್ದು ಅದೇ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರಕಾರಿ ಐಟಿಐಗಳು 2022ರಲ್ಲಿ ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿವೆ. ಜಮಖಂಡಿಯಲ್ಲಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಆರಂಭವಾಯಿತು.

ನಮ್ಮ ಧರ್ಮಕೇಂದ್ರದ ಕಟ್ಟಡದ ಕೆಲಸಕ್ಕೆ ಆ ಕಡೆಯ ಹುಡುಗರು ಬಂದಾಗ, ಹೆಸರು ಮತ್ತು ಕೂಲಿ ಬರೆಯುವ ಪುಸ್ತಕದಲ್ಲಿ ಇನ್ನೊಂದು ಅಂಕಣ ಹಾಕಿ, ಊರಿನಲ್ಲಿ ಯಾವ ಕೆಲಸ ಬಲ್ಲರು ಎಂದು ಕೇಳಿ ಬರೆದಿಡಬಹುದು. ಯಾರಿಗೆ ಯಾವ ತರಬೇತಿ ಬೇಕು, ಅದು ಅವನ ಊರಿನ ಹತ್ತಿರ ಎಲ್ಲಿ ಸಿಗುತ್ತದೆ ಎಂದು ತಿಳಿಸಲು ಆ ಪುಸ್ತಕವೇ ಆಧಾರವಾಗುತ್ತದೆ.