ನಿಮಗಿದು ಗೊತ್ತೇ? ಎಂಜಿನ್ ಕವರಿನ ಕೌತುಕಗಳು

ರಾಣೆಬೆನ್ನೂರಿನ ಯಾವುದಾದರೂ ಗ್ಯಾರೇಜಿನ ಮುಂದೆ ನಿಂತು ನೋಡಿ. ಹಳೇ ಗಾಡಿಗಳ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಮೇಲೆ ಬಿಳಿ ಪುಡಿ ಕೂತಿರುತ್ತದೆ. ಧೂಳು ಅಂದುಕೊಂಡಿರಾ? ಅಲ್ಲ, ತುಕ್ಕು! ಕವರ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರ ತುಕ್ಕಿನ ಬಣ್ಣ ಬಿಳಿ!

ಆ ಪುಡಿಯಲ್ಲಿ ಏನಿದೆ ಗೊತ್ತೇ? ಅಲ್ಯೂಮಿನಿಯಂ, ಆಮ್ಲಜನಕ, ಜೊತೆಗಿಷ್ಟು ನೀರು. ನೀರು ತೆಗೆದು, ಹರಳುಗಟ್ಟಿಸಿ, ಒಂಚೂರು ಕ್ರೋಮಿಯಂ ಸೇರಿಸಿದರೆ ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಗಿನ ಮಾಣಿಕ್ಯ!

ನೀರಿಲ್ಲದ ಅದೇ ಪುಡಿ, ಅಂದರೆ ಅಲ್ಯೂಮಿನಾ, ತಯಾರಾಗುವ ಕಾರ್ಖಾನೆ ದೂರದಲ್ಲಿಲ್ಲ. ಬೆಳಗಾವಿಯ ಹಿಂಡಾಲ್ಕೊದಲ್ಲಿ ಬಾಕ್ಸೈಟ್ ಅದಿರಿನಿಂದ ಅದನ್ನೇ ತೆಗೆಯುತ್ತಾರೆ!

ಕವರ್ ಉಜ್ಜಿ ಹೊಳಪು ಬರಿಸಿದಿರಿ. ಕೈ ತೊಳೆದು ಬರುವಷ್ಟರಲ್ಲಿ ಅದರ ಮೇಲೆ ಹೊಸ ಆಕ್ಸೈಡ್ ಪದರ ಹುಟ್ಟಿಯಾಗಿದೆ! ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆದರೂ ಲೋಹವನ್ನು ಕಾಯುವ ಕವಚ ಅದೇ!

ಆ ಪದರ ಎಷ್ಟು ಗಟ್ಟಿ ನೋಡಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮೇಲಿನ ಪದರ ಕರಗಲು 2000 ಡಿಗ್ರಿ ದಾಟಬೇಕು!

ಇಂಥ ಕವಚವನ್ನೂ ಒಡೆಯುವ ವಸ್ತು ನಿಮ್ಮ ಗಾಡಿಯ ಮೇಲೇ ಸವಾರಿ ಮಾಡುತ್ತದೆ. ಪೊಟ್ಯಾಷ್ ಗೊಬ್ಬರ! ಅದರಲ್ಲಿರುವ ಕ್ಲೋರೈಡ್ ಪದರವನ್ನು ತೂರಿ ಲೋಹದಲ್ಲಿ ಸಣ್ಣ ಗುಂಡಿ ತೋಡುತ್ತದೆ. ಚೀಲ ಇಳಿಸಿದ ಮೇಲೆ ಗಾಡಿಗೊಂದು ಸ್ನಾನ ಆಗಲಿ!

ಅಡಿಕೆ ತೋಟದಿಂದ ಬರುವಿರಾ? ಮೈಲುತುತ್ತದ ಹನಿ ಇನ್ನೂ ಜೋರು. ಅದರಲ್ಲಿರುವ ತಾಮ್ರ ಅಲ್ಯೂಮಿನಿಯಂ ಮೇಲೆ ಕೂರುತ್ತದೆ. ಒದ್ದೆಯಾದರೆ ಸಾಕು, ಎರಡೂ ಸೇರಿ ಪುಟಾಣಿ ಬ್ಯಾಟರಿ! ಸವೆಯುವುದು ಮಾತ್ರ ಪಾಪ, ಅಲ್ಯೂಮಿನಿಯಂ.

ಕವರ್ ಮೇಲೆ ನೂಲಿನಂಥ ಬಿಳಿ ಗೆರೆಗಳು ಓಡಾಡಿವೆಯೇ? ಗೀಚು ಬಿದ್ದ ಜಾಗದಿಂದ ತೇವ ಲ್ಯಾಕರ್ ಅಡಿಗೆ ನುಗ್ಗಿದ ಗುರುತು ಅದು. ಗಮನಿಸಿ, ಒಂದು ಗೆರೆ ಇನ್ನೊಂದನ್ನು ದಾಟುವುದಿಲ್ಲ. ಹತ್ತಿರ ಬಂದರೆ ದಾರಿ ಬದಲಿಸುತ್ತದೆ!

ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ ಕಪ್ಪು ಹೋಗಿ ಬೆಳ್ಳಗಾಗುತ್ತದೆ. ಆದರೆ ಸುಣ್ಣದ ನೀರು, ಕಾಸ್ಟಿಕ್ ಸೋಡಾ ತಾಗಿದರೆ? ಲೋಹವನ್ನೇ ತಿನ್ನುತ್ತವೆ! ಮೇಲೇಳುವ ಗುಳ್ಳೆಗಳು ಹೈಡ್ರೋಜನ್, ಬೆಂಕಿ ಹತ್ತುವ ಅನಿಲ!

ವಾಟರ್ ಪೇಪರಿನ ಲೆಕ್ಕ ತಲೆಕೆಳಗು. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ! 320ರಿಂದ ಶುರು ಮಾಡಿ, 600, 1000, 2000 ಎಂದು ಏರಿ. ಸೋಪಿನ ನೀರು ಹಾಕಿ ಉಜ್ಜಿ. ನಂಬರ್ ಬದಲಾದಾಗ ಉಜ್ಜುವ ದಿಕ್ಕೂ ಬದಲಾಗಲಿ. ಹಳೇ ಗೆರೆ ಉಳಿದಿದ್ದರೆ ಆಗ ಸಿಕ್ಕಿಬೀಳುತ್ತದೆ!

ಎಮರಿ ಪೇಪರಿನ ಹರಳು ಯಾವುದು ಹೇಳಿ? ಅಲ್ಯೂಮಿನಿಯಂ ಆಕ್ಸೈಡೇ! ಅಲ್ಯೂಮಿನಿಯಂ ಉಜ್ಜಲು ಅದರದೇ ಆಕ್ಸೈಡ್!

ಬೆಳ್ಳಿಯಂತಿರುವ ಕವರಿಗೆ ಪಾಲಿಶ್ ಹಚ್ಚಿ ತಿಕ್ಕಿದರೆ ಬಟ್ಟೆ ಕಪ್ಪಾಗುತ್ತದೆ. ಅದೆಲ್ಲ ಬರೀ ಕೊಳೆಯಲ್ಲ. ಬಹುಪಾಲು ಕವರಿನಿಂದ ಎದ್ದ ಅಲ್ಯೂಮಿನಿಯಂ! ಅಷ್ಟು ನುಣ್ಣಗಾದ ಕಣಗಳು ಕಪ್ಪಾಗಿಯೇ ಕಾಣುತ್ತವೆ!

ಬಣ್ಣ ಬಳಿಯುವ ಆಸೆಯೇ? ಬರಿಯ ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುವುದು ಕಷ್ಟ. ಮೊದಲು ಎಚ್ ಪ್ರೈಮರ್ ಬೇಕು. ಅದರಲ್ಲಿರುವ ಆಮ್ಲ ಲೋಹವನ್ನು ಕೊಂಚ ಕಚ್ಚಿ ಹಿಡಿಯುತ್ತದೆ. ಮೇಲೆ ಹೊಡೆಯುವ ಕೆಲವು ಎಂಜಿನ್ ಬಣ್ಣಗಳು ಪೂರ್ತಿ ಗಟ್ಟಿಯಾಗುವುದು ಬಿಸಿ ತಾಗಿದ ಮೇಲೆಯೇ!

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ನೆನಪಿದೆಯೇ? 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಗಾಡಿಗಳ ಎಡಗಡೆ ಕವರಿನಿಂದ ಹೊರಗೆ ಬರುವುದು ಒಂದೇ ಲಿವರ್. ಗೇರೂ ಅದೇ, ಕಿಕ್ಕೂ ಅದೇ!

ಅಲ್ಯೂಮಿನಿಯಂ ಅಗ್ಗವಾದ ಕಥೆ ಕೇಳಿ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಹೆರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ವಿದ್ಯುತ್ತಿನಿಂದ ಅದನ್ನು ತೆಗೆಯುವ ಒಂದೇ ವಿಧಾನ ಕಂಡುಹಿಡಿದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ. ತೀರಿದ್ದೂ ಒಂದೇ ವರ್ಷ, 1914!

ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರಕ್ಕೆ ಕವರ್ ಹಿಡಿಯಬೇಡಿ. ಕಬ್ಬಿಣದ ತುಕ್ಕಿನ ಪುಡಿ, ಅಲ್ಯೂಮಿನಿಯಂ ಪುಡಿ ಸೇರಿದರೆ ಥರ್ಮೈಟ್. ಕಿಡಿ ತಾಗಿದರೆ ಕಬ್ಬಿಣವೇ ಕರಗಿ ಹರಿಯುವಷ್ಟು ಕಾವು! ರೈಲು ಹಳಿಗಳನ್ನು ಬೆಸೆಯಲು ಬಳಸುವುದು ಇದನ್ನೇ!