ಬೋರಮಾಳದಾಗ ಬಂಗಾರ ಎಷ್ಟು, ಅರಗು ಎಷ್ಟು?

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲದವರಿಗೆ ಬಂಗಾರ ಬರೀ ಒಡವೆ ಅಲ್ಲ. ಕಡಲೆ, ಹತ್ತಿ ಮಾರಿದ ರೊಕ್ಕದಲ್ಲಿ ಕೊಂಡದ್ದು ಬಿತ್ತನೆ ಹೊತ್ತಿಗೆ ಬೀಜ-ಗೊಬ್ಬರಕ್ಕಂತ ಬ್ಯಾಂಕಿಗೋ ಸೊಸೈಟಿಗೋ ಅಡವು ಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೂತಾಗ ನಾನು ಮೊದಲು ಕೇಳುವುದು ಒಂದೇ: 'ನಾಳೆ ಅಡವಿಟ್ರ ಇದರಾಗ ಎಷ್ಟು ಲೆಕ್ಕಕ್ಕ ಬರತೈತಿ?'

ಆರ್‌ಬಿಐ ನಿಯಮದಂತೆ ಸಾಲ ಕೊಡುವವರು ಬೆಲೆ ಕಟ್ಟುವುದು ಬಂಗಾರಕ್ಕೆ ಮಾತ್ರ. ಹರಳು, ಮಜೂರಿ, ವೇಸ್ಟೇಜು, ಶೇ. 3ರ ಜಿಎಸ್‌ಟಿ ಎಲ್ಲ ಅಂಗಡಿಯಲ್ಲೇ ಉಳಿದುಬಿಡುತ್ತವೆ. ನಮ್ಮ ಬೋರಮಾಳವನ್ನೇ ನೋಡಿ. ತೆಳು ತಗಡಿನ ಪೊಳ್ಳು ಗುಂಡಿನೊಳಗೆ ಅರಗು ತುಂಬಿರುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಗುಂಡು ನೆಗ್ಗಬಾರದು ಅಂತ ಮಾಡುವ ಹಳೆ ಪದ್ಧತಿ. ಆದರೆ ತಕ್ಕಡಿಯಲ್ಲಿ ಅರಗೂ ತೂಗುತ್ತದಲ್ಲ! ಅರಗನ್ನು ಬಂಗಾರದ ದರಕ್ಕೆ ಕೊಳ್ಳಬಾರದು ಅಂದ್ರೆ ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ನಿವ್ವಳ ಬಂಗಾರದ ತೂಕ ಬೇರೆ ಬರೆಸಬೇಕು. ತೂಕ ಗ್ರಾಮಿನಲ್ಲೇ ಇರಲಿ. ಹಳೆ ತೊಲಿ 11.66 ಗ್ರಾಂ, ಈಗ ಅಂಗಡಿಗಳು ಸಾಮಾನ್ಯವಾಗಿ ತೊಲಿ ಅನ್ನುವುದು 10 ಗ್ರಾಮಿಗೆ.

ಇನ್ನು ಶುದ್ಧತೆ. 22 ಕ್ಯಾರೆಟ್ ಅಂದ್ರೆ 916, ಅಂದರೆ ಸಾವಿರದಲ್ಲಿ 916 ಭಾಗ ಬಂಗಾರ. 18 ಕ್ಯಾರೆಟ್ಟಿಗೆ 750. 'ಕೆಡಿಎಂ ಮಾಲ್ರೀ' ಅಂದರೆ ಮರುಳಾಗಬೇಡಿ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಗುರುತಲ್ಲ. ಬಿಐಎಸ್ ಮುದ್ರೆ, ಕ್ಯಾರೆಟ್, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಈ ಮೂರೂ ಇರಬೇಕು. ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವಂತಿಲ್ಲ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ಹಾಕಿ ನೋಡಿ. ಆ್ಯಪ್ ಉಂಗುರ ಅಂತ ತೋರಿಸಿ, ನಿಮ್ಮ ಕೈಯಲ್ಲಿ ಜುಮಕಿ ಇದ್ದರೆ ಎದ್ದು ಬನ್ನಿ. ಹಾಲ್‌ಮಾರ್ಕ್ ಶುಲ್ಕ ಒಡವೆಯೊಂದಕ್ಕೆ 45 ರೂಪಾಯಿ ಮತ್ತು ತೆರಿಗೆ, ಅಷ್ಟೇ. ತೂಕ ಎಷ್ಟಿದ್ದರೂ ಅದೇ.

ಊರ ಪತ್ತಾರರ ವಿಷಯ ಸೂಕ್ಷ್ಮ. ಅಜ್ಜನ ಕಾಲದಿಂದ ಬಂದ ನಂಬಿಕೆ ಅದು, ನಾನೂ ಅದನ್ನು ಹಗುರವಾಗಿ ನೋಡುವವನಲ್ಲ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಮಾಡುವವರಿಗೆ, 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕಿನಿಂದ ವಿನಾಯಿತಿ ಇದೆ. ಆದರೆ ತೊಲಿಗೆ ಲಕ್ಷ ದಾಟಿದ ಮ್ಯಾಲ 40 ಲಕ್ಷ ಅಂದ್ರ ವರ್ಷಕ್ಕೆ 40 ತೊಲಿನೂ ಅಲ್ಲ. ಮೇಲಾಗಿ, ಅಡವಿನ ಕೌಂಟರಿನಲ್ಲಿ ಕೂತವರಿಗೆ ನಮ್ಮ ಪತ್ತಾರರ ಪರಿಚಯ ಇರುವುದಿಲ್ಲ. ಅವರು ಒರೆಗಲ್ಲಿಗೆ ತಿಕ್ಕಿ ಹೇಳಿದ್ದೇ ಕ್ಯಾರೆಟ್ಟು. ಮುದ್ರೆಯಿಲ್ಲದ ಹಳೆ ಪಾಟ್ಲಿ, ಬಿಲ್ವರ ಮನೆಯಲ್ಲಿದ್ದರೆ ಹುಬ್ಬಳ್ಳಿಗೆ ಹೋದಾಗ ಬಿಐಎಸ್ ಮಾನ್ಯತೆಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಡಿ. ನಾಲ್ಕು ಒಡವೆಯವರೆಗೆ 200 ರೂಪಾಯಿ ಶುಲ್ಕ.

ಹಾಲ್‌ಮಾರ್ಕ್ ಒಡವೆಯಲ್ಲೇ ಶುದ್ಧತೆ ಕಡಿಮೆ ಬಂದರೆ, ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಡಬೇಕು ಅಂತ 2018ರ ಬಿಐಎಸ್ ನಿಯಮಗಳು ಹೇಳುತ್ತವೆ. ಅದನ್ನು ಕೇಳಲು ಪಕ್ಕಾ ಬಿಲ್ ಬೇಕು. ಜಿಎಸ್‌ಟಿ ಉಳಿಸಲು ಬಿಳಿ ಚೀಟಿ ಮೇಲೆ ಬರೆಸಿಕೊಂಡು ಬಂದವರ ಕೈಯಲ್ಲಿ ಏನನ್ನು ಕೊಂಡೆವು ಅನ್ನುವುದಕ್ಕೇ ಪುರಾವೆ ಇರುವುದಿಲ್ಲ.