ಉಳಿದ ತುಂಡನ್ನು ಎಸೆಯಬೇಡಿ

ದಾವಣಗೆರೆಯಲ್ಲಿ ಗ್ರಾಹಕರ ಪ್ರಕರಣಗಳನ್ನು ನಡೆಸುವ ವಕೀಲೆ ನಾನು. ಹೊರಗಿನದ್ದೇನೋ ತಿಂದು ಆಸ್ಪತ್ರೆ ಸೇರಿದ್ದವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಇಷ್ಟೇ: ಬಿಲ್ ಇದೆಯಾ, ಕವರ್ ಇದೆಯಾ, ತಿಂದು ಉಳಿದದ್ದು ಇದೆಯಾ? ಹೆಚ್ಚಿನವರ ಬಳಿ ಒಂದೂ ಇರುವುದಿಲ್ಲ.

ಒಮ್ಮೆ ಮಗಳ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಕ್ರೀಮ್ ಕೇಕ್ ತಂದಿದ್ದ ಕುಟುಂಬವೊಂದು ಬಂತು. ಸಂಜೆ ಕೇಕ್ ಕತ್ತರಿಸಿದ್ದರು, ಮಲಗುವ ಹೊತ್ತಿಗೆ ಮನೆಮಂದಿಗೆಲ್ಲ ವಾಂತಿ. ಅಜ್ಜಿಗೂ ಮಗುವಿಗೂ ಡ್ರಿಪ್ ಹಾಕಬೇಕಾಯಿತು. ಉಳಿದ ಕೇಕ್ ಎಲ್ಲಿ ಎಂದೆ. “ಅದನ್ನ ಯಾರು ಇಟ್ಕಂತಾರ್ರೀ ಮೇಡಂ, ಬೆಳಿಗ್ಗೆನೇ ಕಸದ ಗಾಡಿಗೆ ಹಾಕಿದ್ವಿ” ಎಂದರು ತಾಯಿ. ಡಿಸ್ಚಾರ್ಜ್ ಚೀಟಿ ಬಿಡಿಸಿ ನೋಡಿದೆ. ಮೇಲೆ ‘ಎ.ಜಿ.ಇ.’ ಎಂಬ ಮೂರಕ್ಷರ, ಅಂದರೆ ಜಠರ ಮತ್ತು ಕರುಳಿನ ಉರಿಯೂತ. ಕೆಳಗೆ ಇಂಜೆಕ್ಷನ್‌ಗಳ ಹೆಸರು. ಕೇಕಿನ ಮಾತೇ ಇಲ್ಲ. ಎಷ್ಟು ಗಂಟೆಗೆ ತಿಂದರು, ವಾಂತಿ ಯಾವಾಗ ಶುರುವಾಯಿತು ಎಂಬುದೂ ಇಲ್ಲ. ಮಲಪರೀಕ್ಷೆ ಮಾಡಿಸಿರಲಿಲ್ಲ. ಬಿಲ್ ಇಲ್ಲದಿದ್ದರೂ ಮೊಬೈಲಿನಲ್ಲಿ ಯುಪಿಐ ಪಾವತಿಯ ದಾಖಲೆ ಸಿಕ್ಕಿತು, ಫೋಟೊದಲ್ಲಿ ಡಬ್ಬಿಯ ಮೇಲಿದ್ದ ಬೇಕರಿಯ ಹೆಸರೂ ಕಂಡಿತು. ಕೇಕ್ ಕೊಂಡದ್ದು ಅಷ್ಟರಿಂದ ಸಾಬೀತಾಗುತ್ತದೆ. ಕೇಕ್ ಕೆಟ್ಟಿತ್ತು ಎನ್ನುವುದು ಸಾಬೀತಾಗುವುದಿಲ್ಲ.

ಗಂಟೆಯ ಲೆಕ್ಕಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ನಾವೆಲ್ಲ ಸಾಮಾನ್ಯವಾಗಿ ದೂರುವುದು ಕೊನೆಯ ಊಟವನ್ನು. ಆದರೆ ರೋಗಾಣುಗಳಿಗೆ ಅವುಗಳದೇ ಅವಧಿ ಇರುತ್ತದೆ. ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದ ವಿಷ ಸೇರಿದ ಕ್ರೀಮ್ ತಿಂದರೆ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನದವರೆಗೂ ತೆಗೆದುಕೊಳ್ಳಬಹುದು. ಹೆಪಟೈಟಿಸ್ ಎ ಕಾಮಾಲೆ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ಹಾಗಾಗಿ ಯಾರು, ಏನನ್ನು, ಯಾವಾಗ ತಿಂದರು ಎಂದು ವೈದ್ಯರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಯಿಸಿ. ಆಂಟಿಬಯೋಟಿಕ್ ಶುರುವಾಗುವ ಮೊದಲೇ ಮಲದ ಸ್ಯಾಂಪಲ್ ಕೊಡಲು ಆಗುತ್ತದೆಯೇ ಎಂದು ಕೇಳಿ. ಔಷಧಿ ಒಳಗೆ ಹೋದ ಮೇಲೆ ರೋಗಾಣು ಸಿಗುವುದು ಕಷ್ಟ. ಅದಕ್ಕಾಗಿ ಚಿಕಿತ್ಸೆಯನ್ನೇ ತಡಮಾಡುವುದು ಮಾತ್ರ ಬೇಡ.

ಕಾನೂನು ನಮ್ಮ ಪಾಲಿಗೆ ಗಟ್ಟಿಯಾಗಿಯೇ ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 65ನೇ ಕಲಂ ಪ್ರಕಾರ, ಆಹಾರದಿಂದ ಸಾವಾದರೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ತೀವ್ರ ಹಾನಿಯಾದರೆ 3 ಲಕ್ಷದವರೆಗೆ, ಉಳಿದಂತೆ 1 ಲಕ್ಷದವರೆಗೆ. ಸಾವಿನ ಪ್ರಕರಣದಲ್ಲಿ ಮನೆಯವರಿಗೆ 30 ದಿನದೊಳಗೆ ಮಧ್ಯಂತರ ಪರಿಹಾರ ಸಿಗಬೇಕು. ಪ್ರಾಣ ತೆಗೆದ ಅಸುರಕ್ಷಿತ ಆಹಾರ ಮಾರಿದವರಿಗೆ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ಹಾನಿಗೆ ಮಿತಿ ಹಾಕಿದ ಈ ಮೊತ್ತಗಳು ಇಂದಿನ ಆಸ್ಪತ್ರೆ ಬಿಲ್ಲಿನ ಮುಂದೆ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವವರು ಶುಲ್ಕ ಕಟ್ಟಿ ತಾವೇ ಆಹಾರ ಪರೀಕ್ಷೆ ಮಾಡಿಸಬಹುದು ಎನ್ನುತ್ತದೆ 40ನೇ ಕಲಂ. ಆದರೆ ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ತಿಂದು ಹಾಸಿಗೆ ಹಿಡಿದವರಿಗೆ ಈ ಹಕ್ಕಿನಿಂದ ಏನುಪಯೋಗ? ಅವರಿಗೆ ನಿಜವಾಗಿ ನೆರವಾಗುವವರು ಆಹಾರ ಸುರಕ್ಷತಾಧಿಕಾರಿ. ಅದೇ ದಿನ ದೂರು ಹೋದರೆ ಅವರು ಅಂಗಡಿಗೆ ಹೋಗಿ, ಅದೇ ಬ್ಯಾಚಿನ ಮಾಲು ಇನ್ನೂ ಇದ್ದರೆ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಆಹಾರ ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವಾರ ಬಿಟ್ಟು ಹೋದರೆ ಆ ಮಾಲೇ ಇರುವುದಿಲ್ಲ.

ಸಾಕ್ಷ್ಯದ ಈ ತೊಡಕು ಸರ್ಕಾರವನ್ನೂ ಬಿಟ್ಟಿಲ್ಲ. 2015ರ ಜೂನ್ 5ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮ್ಯಾಗಿ ನೂಡಲ್ಸನ್ನು ದೇಶದ ಮಾರುಕಟ್ಟೆಯಿಂದ ವಾಪಸ್ ತರಿಸುವಂತೆ ಆದೇಶಿಸಿತು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಸ್ಯಾಂಪಲಿನಲ್ಲಿ ಸೀಸದ ಪ್ರಮಾಣ 17.2 ಪಿಪಿಎಂ ಎಂದು ವರದಿ ಬಂದಿತ್ತು. ಮಿತಿ ಇದ್ದದ್ದು 2.5. ಸಾವಿರಾರು ಟನ್ ನೂಡಲ್ಸ್ ಸುಟ್ಟದ್ದಾಯಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಂಪನಿಯ ಅಹವಾಲು ಕೇಳಿಲ್ಲ, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇಲ್ಲ ಎಂಬುದು ಕಾರಣ. ಮುಂದೆ ಸುಪ್ರೀಂ ಕೋರ್ಟ್ ಸ್ಯಾಂಪಲ್‌ಗಳನ್ನು ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಿತು. ಪರಿಹಾರ ಕೋರಿ ಕೇಂದ್ರ ಸರ್ಕಾರ ಹೂಡಿದ್ದ ದಾವೆ 2024ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ವಜಾ ಆಯಿತು.

ವಾಪಸಾತಿ ಶುರುಮಾಡುವ ಮೊದಲ ಹೊಣೆ ಆಹಾರ ತಯಾರಿಸುವ, ವಿತರಿಸುವ ಉದ್ದಿಮೆಯವರದೇ ಎಂದು ಕಾಯ್ದೆಯ 28ನೇ ಕಲಂ ಹೇಳುತ್ತದೆ. ಆದರೆ ಮನೆಯೊಳಗಿನ ಮಾಲನ್ನು ಗುರುತಿಸಬೇಕಾದವರು ನಾವು. ಸಾಂಬಾರ್ ಪುಡಿ, ಹಾಲಿನ ಪುಡಿ ತಂದ ಕೂಡಲೇ ಡಬ್ಬಿಗೆ ಸುರಿದು ಕವರ್ ಎಸೆದರೆ ವಾಪಸಾತಿಯ ಸುದ್ದಿ ಬಂದ ದಿನ ನಮ್ಮದು ಯಾವ ಬ್ಯಾಚ್ ಎಂದು ತಿಳಿಯುವುದು ಹೇಗೆ? ಪುಡಿ ಮುಗಿಯುವವರೆಗೆ ಕವರಿನ ಬ್ಯಾಚ್ ನಂಬರಿನ ಭಾಗವನ್ನು ಕತ್ತರಿಸಿ ಡಬ್ಬಿಯಲ್ಲೇ ಇಡಿ. ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಿ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವಿರುವ ಊರಿನಿಂದಲೇ ದೂರು ಕೊಡಬಹುದು, ಅದಕ್ಕೆ 2 ವರ್ಷ ಕಾಲಾವಕಾಶವಿದೆ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ವಕೀಲೆಯಾದ ನಾನೇ ಹೇಳುತ್ತಿದ್ದೇನೆ. ದುಡ್ಡು ಕೊಟ್ಟವರು ಅಪ್ಪನಾದರೂ, ಅವರ ಒಪ್ಪಿಗೆಯಿಂದ ತಿಂದ ಮಗುವೂ ಕಾನೂನಿನ ಕಣ್ಣಿಗೆ ಗ್ರಾಹಕನೇ.

ಉಳಿದ ಆಹಾರವನ್ನು ಅದರ ಡಬ್ಬಿ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಫ್ರಿಜ್ಜಿನಲ್ಲಿಡಿ. ಮೇಲೆ ತಾರೀಖು ಬರೆದು ಫೋಟೊ ತೆಗೆಯಿರಿ. ಅದೇ ಆಹಾರ ತಿಂದು ಮಲಗಿದ ಬೇರೆಯವರ ವಿವರ ಬರೆದಿಟ್ಟುಕೊಳ್ಳಿ, ನಾಲ್ಕು ಮನೆಯವರು ಒಂದೇ ಮಾತು ಹೇಳಿದರೆ ದೂರಿಗೆ ಬಲ ಬರುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಆಹಾರ ಸುರಕ್ಷತಾ ಕಚೇರಿಗೆ ದೂರನ್ನು ಬರವಣಿಗೆಯಲ್ಲೇ ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಬೀಳುವವರೆಗೆ ಅಲ್ಲಿಂದ ಏಳಬೇಡಿ.